ಅಳತೆಗಾರ್ತಿಯ ಸಪ್ಪೆ ಸಾರು

ಚೆನ್ನಾಜಮ್ಮನ ಮನೆಯಲ್ಲಿ ಊಟಕ್ಕೆ ನಿಲ್ಲುವವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಅವಳು ಜಿಪುಣಿಯೆಂದಲ್ಲ. ಹಪ್ಪಳ ಕೊಡುತ್ತಾಳೆ, ಮಜ್ಜಿಗೆ ಕೊಡುತ್ತಾಳೆ, ಮಣೆ ಹಾಕಿ ಕೂರಿಸುತ್ತಾಳೆ. ಆದರೆ ಅವಳ ಸಾರಿಗೆ ಉಪ್ಪಿರುವುದಿಲ್ಲ. ಊರಿನ ಛಾವಣಿಗಳನ್ನು ಅಳೆದು ಬಟ್ಟೆ ಗೊತ್ತುಮಾಡುವ ಅಳತೆಗಾರರ ಮನೆಗೆ ಉಪ್ಪು ಕೊಂಡು ತರುವಂತಿಲ್ಲ ಎಂಬುದು ನಮ್ಮಲ್ಲಿ ಮೊದಲಿನಿಂದಲೂ ನಡೆದುಬಂದ ಕಟ್ಟು. ವರ್ಷಕ್ಕೊಮ್ಮೆ ಬೀಸುವ ಉಪ್ಪುಗಾಳಿಯ ನಲವತ್ತು ದಿನ ಮುಗಿದ ಮೇಲೆ ಪ್ರತಿ ಮನೆಯವರೂ ನೆಲ ಗುಡಿಸಿ, ಛಾವಣಿಯ ಬಟ್ಟೆಯ ಸಂದಿನಿಂದ ಒಳಗೆ ಬಿದ್ದ ಉಪ್ಪನ್ನು ಮೊರದಲ್ಲಿ ತುಂಬಿಕೊಂಡು ಹೋಗಿ ಅಳತೆಗಾರರ ಜಗಲಿಯ ಮೇಲೆ ಸುರಿಯುತ್ತಾರೆ. ಆ ವರ್ಷವೆಲ್ಲ ಅವರ ಮನೆಯ ಅಡುಗೆಗೆ ಅದೇ ಉಪ್ಪು. ಚೆನ್ನಾಜಮ್ಮನ ಮಾವ ಅಳತೆ ಮಾಡುತ್ತಿದ್ದ ಕಾಲದಲ್ಲಿ ಅವರ ಮನೆಯ ಉಪ್ಪಿನಕಾಯಿ ಊರಿಗೇ ಹೆಸರುವಾಸಿಯಾಗಿತ್ತಂತೆ. ಈಕೆ ಅಳತೆಕೋಲು ಹಿಡಿದ ಮೇಲೆ ಆ ಮನೆಯಲ್ಲಿ ಉಪ್ಪಿನಕಾಯಿ ಹಾಕಿದ್ದನ್ನು ನಾನು ಕಂಡಿಲ್ಲ.

ನಾನು ಮೇಣದ ದ್ಯಾವಣ್ಣ. ನೇಯ್ಗೆಯವರು ಕೊಟ್ಟ ಬಟ್ಟೆಗೆ ಮೇಣ ಕುಡಿಸಿ ಛಾವಣಿಗೆ ಹೊದಿಸಲು ತಯಾರು ಮಾಡುವುದು ನನ್ನ ಕಸುಬು. ನಮ್ಮೂರಿನ ಮನೆಗಳೆಲ್ಲ ಚೌಕ, ಛಾವಣಿಗಳೆಲ್ಲ ನಾಲ್ಕು ಮುಖ ಸೇರಿ ಮೇಲೆ ಒಂದು ಮೊನೆಯಾಗಿ ನಿಲ್ಲುವಂಥವು. ಬೇಸಿಗೆಯ ಮೂರು ತಿಂಗಳು ಅವು ಬೆಳೆಯುತ್ತವೆ, ಇಲ್ಲವೇ ಕುಗ್ಗುತ್ತವೆ. ಮನೆಯಲ್ಲಿ ಮದುವೆಯಾದರೆ ಒಂದೆರಡು ಗೇಣು ಏರುತ್ತದೆ, ಅಣ್ಣ ತಮ್ಮಂದಿರು ಮಾತು ಬಿಟ್ಟರೆ ಇಳಿಯುತ್ತದೆ. ನೆಂಟರು ಸಿಕ್ಕಾಗ ನಾವು ಮೊದಲು ಕೇಳುವುದೇ ಮನೆ ಈ ಸಲ ಎಷ್ಟಕ್ಕೆ ನಿಂತಿತು ಎಂದು. ಛಾವಣಿಯ ಮೇಲೆ ಯಾರೂ ಕಾಲಿಡುವಂತಿಲ್ಲ. ಒಮ್ಮೆ ತುಳಿದ ಛಾವಣಿ ಮತ್ತೆ ಅಲುಗುವುದಿಲ್ಲ, ಅಂಥ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಹಾಗಾಗಿ ಅಳತೆಯೆಲ್ಲ ಒಳಗಿನಿಂದಲೇ ಆಗಬೇಕು. ಮೊನೆಯ ಒಳಗಡೆ ಒಂದು ಕೊಂಡಿ ಇರುತ್ತದೆ, ಅದರಿಂದ ದಾರಕ್ಕೆ ಕಟ್ಟಿದ ಗುಂಡು ಗೋಡೆಯ ಮಟ್ಟದ ತನಕ ಇಳಿಯುತ್ತದೆ. ಆ ದಾರದ ಉದ್ದವೇ ಛಾವಣಿಯ ಎತ್ತರ. ಹುಟ್ಟಿದಾಗಿನಿಂದ ಆ ದಾರವನ್ನೇ ನೋಡಿಕೊಂಡು ಬೆಳೆದವರು ನಾವು, ಛಾವಣಿ ಎಂದರೆ ನಮಗೆ ಆ ದಾರವೇ.

ಹದಿನೈದು ವರ್ಷದ ಹಿಂದೆ ನಾನು ಮಾಡಿದ ತಪ್ಪಿಗೆ ಮೂಲ ಇದೇ. ಆ ವರ್ಷ ಚೆನ್ನಾಜಮ್ಮ ಹತ್ತು ಜನರ ಎದುರಿಗೆ ನನ್ನ ಬಟ್ಟೆಯನ್ನು ಬಿಸಿಲಿಗೆ ಹಿಡಿದು, "ಮೇಣ ತೆಳು ಆಗ್ಯದೆ ಕಣೋ ದ್ಯಾವಣ್ಣ" ಎಂದುಬಿಟ್ಟಳು. ತೆಳುವಾಗಿದ್ದು ನಿಜ. ನಿಜವಾದದ್ದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮನೆಯ ಬಟ್ಟೆಯನ್ನು ನಾನೇ ಕತ್ತರಿಸಿಕೊಳ್ಳುತ್ತೇನೆ, ನಾಲ್ಕು ಮುಕ್ಕೋನ ಕತ್ತರಿಸುವುದಕ್ಕೆ ಯಾವ ಘನಪಂಡಿತರೂ ಬೇಡ ಎಂದು ಹೇಳಿ ಬಂದೆ. ಗೋಡೆ ಹನ್ನೆರಡು ಮೊಳ. ದಾರ ಎಂಟು ಮೊಳ. ಬುಡ ಹನ್ನೆರಡು, ಎತ್ತರ ಎಂಟು ಇರುವ ನಾಲ್ಕು ಮುಕ್ಕೋನಗಳನ್ನು ಒಂದೇ ಬಟ್ಟೆಯಲ್ಲಿ ಬೀಸಣಿಗೆಯಂತೆ ಕತ್ತರಿಸಿದೆ. ನೂರ ತೊಂಬತ್ತೆರಡು ಚದರ ಮೊಳ. ನನ್ನ ಹೆಂಡತಿ ಪುಟ್ಟಗೌರಿಯ ಮುಂದೆ ಎರಡು ಸಲ ಲೆಕ್ಕ ಹೇಳಿದೆ.

ಬಿದಿರ ಕೋಲುಗಳಿಂದ ಬಟ್ಟೆಯನ್ನು ಮೇಲೆತ್ತಿ ಮೊನೆಗೆ ತೊಡಿಸಿದಾಗ ಅದು ಅಗಲ ಲಂಗದಂತೆ ದೊಗಳೆಯಾಗಿ ನಿಂತಿತು, ಸೂರಿನ ಸುತ್ತ ಎರಡು ಮೊಳ ಬರಿದೇ ಉಳಿಯಿತು. ಬಟ್ಟೆ ಇಳಿಜಾರಿನ ಮೇಲೆ ಮಲಗಬೇಕು, ದಾರ ನೇರಕ್ಕೆ ತೂಗುತ್ತದೆ. ಇಳಿಜಾರು ಯಾವತ್ತೂ ದಾರಕ್ಕಿಂತ ಉದ್ದ. ಇಷ್ಟು ಸಣ್ಣ ಸಂಗತಿ ಆವತ್ತು ನನ್ನ ತಲೆಗೆ ಹೋಗಲಿಲ್ಲ. ಕತ್ತರಿಸಿದ ಬಟ್ಟೆಗೆ ತೇಪೆ ಹಾಕುವಂತಿಲ್ಲ, ಹೊಲಿಗೆಯ ತೂತಿನಲ್ಲಿ ಉಪ್ಪು ನುಗ್ಗುತ್ತದೆ. ಗಾಳಿ ಬಂತು. ಮನೆಯ ನಾಲ್ಕೂ ಮೂಲೆಯನ್ನು ಸಕ್ಕರೆ ಅಚ್ಚನ್ನು ಕಚ್ಚಿದಂತೆ ಕಚ್ಚಿಕೊಂಡು ಹೋಯಿತು. ನಲವತ್ತು ದಿನ ಆದ ಮೇಲೆ ಗುಡಿಸಿದರೆ ಒಂಬತ್ತು ಕುಕ್ಕೆ ಉಪ್ಪು. ಕತ್ತರಿಸಿದವನು ನಾನು, ಕಟ್ಟಿನ ಪ್ರಕಾರ ತಿನ್ನಬೇಕಾದವನೂ ನಾನೇ. ಹದಿನೈದು ವರ್ಷದಿಂದ ನಮ್ಮ ಮನೆಯ ಸಾರಿಗೆ ಅದೇ ಉಪ್ಪು, ಗುಡಾಣದಲ್ಲಿ ಇನ್ನೂ ಇದೆ. ಬಡಿಸುವಾಗಲೆಲ್ಲ ಪುಟ್ಟಗೌರಿ, "ನಿಮ್ಮ ಲೆಕ್ಕ ಇನ್ನೊಂದು ಸ್ವಲ್ಪ ಹಾಕ್ಲಾ?" ಅನ್ನುತ್ತಾಳೆ.

ಮಾರನೆಯ ವರ್ಷ ತಲೆ ತಗ್ಗಿಸಿಕೊಂಡು ಚೆನ್ನಾಜಮ್ಮನನ್ನು ಕರೆದೆ. ಅವಳು ಹಳೆಯದನ್ನು ಎತ್ತಲಿಲ್ಲ. ಗುಂಡು ಇಳಿಸಿ ಎತ್ತರ ನೋಡಿದಳು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೋಡೆಯ ಅರ್ಧದಷ್ಟು ಒಂದು ಗೆರೆ, ಅದಕ್ಕೆ ಮೂಲೆಮಟ್ಟ ಹಿಡಿದು ದಾರದಷ್ಟು ಇನ್ನೊಂದು ಗೆರೆ ಎಳೆದು, ಎರಡರ ತುದಿಯನ್ನೂ ಸೇರಿಸಿದಳು. ಮೇಲಿದ್ದ ಛಾವಣಿಯನ್ನು ನೆಲದ ಮೇಲೆ ಮಲಗಿಸಿಬಿಟ್ಟಿದ್ದಳು. ಓರೆ ಗೆರೆಗೆ ಕೋಲು ಹಾಕಿ, "ಇದು ನಿನ್ನ ಇಳಿಜಾರು. ನಾಲ್ಕು ಗೋಡೆ ಕೂಡು, ಅದರಲ್ಲಿ ಅರ್ಧ ತಗೋ, ಇದರಿಂದ ಗುಣಿಸು. ಮುಗೀತು" ಎಂದಳು. ನನ್ನ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ಇದ್ದ ವ್ಯತ್ಯಾಸ ಒಂದು ಓರೆ ಗೆರೆ ಮಾತ್ರ. ಆವತ್ತಿನಿಂದ ಅವಳ ಮೇಲೆ ನನಗೆ ಹುಟ್ಟಿದ ಗೌರವವನ್ನು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ನನ್ನ ಕೊಬ್ಬು ಬಿಡಲಿಲ್ಲ.

ಉಪ್ಪು ತಿಂದ ಮನೆ ಮೂಲೆಗಳನ್ನು ಮತ್ತೆ ಬೆಳೆಸಿಕೊಳ್ಳಲಿಲ್ಲ. ಬೇಸಿಗೆ ಬೇಸಿಗೆಗೂ ಅದು ಒಳಗೊಳಗೇ ಮೈ ಸರಿಮಾಡಿಕೊಂಡಿತು. ಮೊದಮೊದಲು ಮೂಲೆ ಮೊಂಡಾಗಿದೆ ಅಷ್ಟೇ ಅಂದುಕೊಂಡಿದ್ದೆವು. ಚೆನ್ನಾಜಮ್ಮ ಕೂಡ ಅಲ್ಲಲ್ಲಿ ಬಟ್ಟೆಯನ್ನು ಒಳಗೆ ಮಡಿಸಿ ಸುಧಾರಿಸಿಕೊಂಡು ಬಂದಳು. ಈ ಬೇಸಿಗೆ ಕಳೆದಾಗ ನೋಡಿದರೆ ಮನೆ ಪೂರ್ತಿ ದುಂಡಗಾಗಿದೆ. ಗೋಡೆ ದುಂಡಗೆ, ಮೇಲೆ ಛಾವಣಿ ಮಡಕೆಯವರ ಮುಚ್ಚಳದಂತೆ ಒಂದೇ ಮುಖವಾಗಿ ಸುತ್ತಿಕೊಂಡು ಮೊನೆಗೆ ಹೋಗಿದೆ. ಒಳಗೆ ಅಡ್ಡಕ್ಕೆ ಅಳೆದರೆ ಹನ್ನೆರಡು ಮೊಳ. ಗುಂಡು ಇಳಿಸಿದರೆ ಎಂಟು ಮೊಳ. ಇಷ್ಟು ವರ್ಷ ಏರಿ ಇಳಿದ ಮನೆ, ನನ್ನ ಹಳೆಯ ತಪ್ಪನ್ನು ನೆನಪಿಸಲೆಂದೇ ಮತ್ತೆ ಎಂಟಕ್ಕೆ ಬಂದು ನಿಂತಿತ್ತು.

ಗಾಳಿಗೆ ಎಂಟು ದಿನವಿತ್ತು. ಮಗಳು ಚಿಕ್ಕತಾಯಿ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬುವುದು ಗಾಳಿಯ ನಡುವೆಯೇ. ಉಪ್ಪುಗಾಳಿಯಲ್ಲಿ ದೊಡ್ಡವರ ಕಣ್ಣೇ ಕೆಂಪಾಗುತ್ತದೆ, ಹಸುಗೂಸಿನ ಕಣ್ಣಿಗೆ ಚಿಟಿಕೆ ಬಿದ್ದರೂ ದೃಷ್ಟಿ ಉಳಿಯುವುದಿಲ್ಲ. ಅವಳನ್ನು ಚಿಕ್ಕಮ್ಮನ ಮನೆಗೆ ಕಳಿಸೋಣವೆಂದರೆ ಅಲ್ಲಿ ಆಗಲೇ ಇಬ್ಬರು ಬಾಣಂತಿಯರು, ಕಾಲು ಚಾಚಲು ಜಾಗವಿಲ್ಲ. ಎಲ್ಲರೂ ಬೀಗ ಹಾಕಿಕೊಂಡು ಎಲ್ಲಾದರೂ ಹೋಗೋಣವೆಂದರೆ, ಗಾಳಿಯ ದಿನಗಳಲ್ಲಿ ಒಳಗೆ ಮನುಷ್ಯರ ಉಸಿರಿಲ್ಲದ ಛಾವಣಿ ಕುಸಿದುಬಿಡುತ್ತದೆ. ಊರಿನಲ್ಲಿ ದುಂಡು ಛಾವಣಿಯನ್ನು ಅಳೆದವರು ಯಾರೂ ಇರಲಿಲ್ಲ. ಬಟ್ಟೆ ಕಡಿಮೆಯಾದರೆ ಸೂರು ಬರಿದಾಗುತ್ತದೆ, ಹೆಚ್ಚಾದರೆ ಸುಕ್ಕುಗಟ್ಟಿ ಸುಕ್ಕಿನಲ್ಲಿ ಉಪ್ಪು ಕೂತು ಕೊರೆಯುತ್ತದೆ. ಹದಿನೈದು ವರ್ಷದ ಹಿಂದೆ ನಾನು ಕತ್ತರಿಸಿದ್ದು ಈಗ ಮೊಮ್ಮಗುವಿನ ಕಣ್ಣಿಗೆ ಬಂದು ನಿಂತಿತ್ತು.

ಚೆನ್ನಾಜಮ್ಮನಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವು. ಕೋಲೂರಿಕೊಂಡು ಬಂದು ಮನೆಯನ್ನು ಮೂರು ಸುತ್ತು ಹಾಕಿದಳು. ಚಿಕ್ಕತಾಯಿ ಹೊಸಿಲ ಮೇಲೆ ಕೂತು ನೇರವಾಗಿ ಕೇಳಿದಳು. "ಅಜ್ಜಿ, ಈ ಮನೇಲಿ ಹೆತ್ತುಕೊಳ್ಳಬೋದಾ?"

"ಇವತ್ತು ಕೇಳಿದ್ರೆ ಗೊತ್ತಿಲ್ಲ ಅಂತೀನಿ ಕಣವ್ವ. ನಾಳೆ ಸಾಯಂಕಾಲ ಕೇಳು."

ಗೊತ್ತಿಲ್ಲ ಎಂಬ ಮಾತನ್ನು ಇಷ್ಟು ಸಲೀಸಾಗಿ ಹೇಳಿದವರನ್ನು ನಾನು ನೋಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ದ್ಯಾವಣ್ಣ, ನೀನು ಕತ್ತರಿಸಿದ್ದೆಯಲ್ಲ, ಆ ಬಟ್ಟೆ ಇಟ್ಟಿದೀಯ ಅಲ್ವಾ? ತಗೊಂಡು ಬೆಳಿಗ್ಗೆ ಕಣದ ಹತ್ರ ಬಾ."

ಆ ಬಟ್ಟೆಯನ್ನು ನಾನು ಅಟ್ಟದ ಮೇಲೆ ಗೋಣಿಚೀಲದಡಿ ಮುಚ್ಚಿಟ್ಟಿದ್ದೆ. ಪುಟ್ಟಗೌರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಮಾರನೆಯ ಬೆಳಿಗ್ಗೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬೀದಿಯಲ್ಲಿ ನಡೆದಾಗ ನನ್ನ ಕಿವಿ ಬಿಸಿಯಾಗಿತ್ತು. ಜನ ಜಗಲಿಯಿಂದ ಎದ್ದು ಹಿಂದೆ ಬಂದರು, ಕೆಲವರು ಮುಸಿಮುಸಿ ನಗುತ್ತಲೇ ಬಂದರು.

ಕಣದಲ್ಲಿ ಚೆನ್ನಾಜಮ್ಮ ಒದ್ದೆ ಮರಳಿನ ರಾಶಿ ಹಾಕಿಸಿದ್ದಳು. ಮರಳು ತಾನಾಗಿಯೇ ದುಂಡಗೆ ಮೊನೆಯಾಗಿ ನಿಂತಿತ್ತು. "ಮನೆ ಮೇಲೆ ಹತ್ತಂಗಿಲ್ಲ. ಇದನ್ನ ಮುಟ್ಟಬೋದಲ್ಲ" ಎಂದಳು. ಬುಡದ ಸುತ್ತ ದಾರ ಸುತ್ತಿಸಿದಳು, ಹದಿನಾರು ಮೊಳ. ಮೊನೆಯಿಂದ ಬುಡಕ್ಕೆ ಇಳಿಜಾರಿನ ಮೇಲೆ ಕೋಲು ಇಟ್ಟಳು, ಮೂರು ಮೊಳ. ಆಮೇಲೆ ತನಗೆ ಗೊತ್ತಿದ್ದದ್ದನ್ನೇ ಮಾಡಿದಳು. ಹದಿನಾರನ್ನು ನಾಲ್ಕು ಪಾಲು ಮಾಡಿ, ಬುಡ ನಾಲ್ಕು, ಎತ್ತರ ಮೂರು ಇರುವ ನಾಲ್ಕು ಮುಕ್ಕೋನಗಳನ್ನು ನನ್ನ ಬಟ್ಟೆಯಿಂದ ಕತ್ತರಿಸಿ, ಜಾಲಿಮುಳ್ಳು ಚುಚ್ಚಿ ಸೇರಿಸಿ ರಾಶಿಗೆ ಹೊದಿಸಿದಳು. ಪ್ರತಿ ಮುಕ್ಕೋನವೂ ನಡುವೆ ಬುಡಕ್ಕೆ ಸರಿಯಾಗಿ ಮುಟ್ಟಿತು, ಮೂಲೆಗಳು ಮಾತ್ರ ಅರ್ಧ ಮೊಳಕ್ಕಿಂತ ಹೆಚ್ಚು ಹೊರಗೆ ಇಳಿಬಿದ್ದವು.

"ಇದೇ ಆಗೋದು ನಮ್ಮನೆಗೂ" ಎಂದೆ.

ಅವಳು ಮುಳ್ಳು ಕಿತ್ತು ಬಟ್ಟೆ ತೆಗೆದಳು. ದಾರವನ್ನು ಎಂಟು ಪಾಲು ಮಾಡಿದಳು. ಬುಡ ಎರಡು, ಎತ್ತರ ಅದೇ ಮೂರು. ಎಂಟು ಮುಕ್ಕೋನ. ಹೊದಿಸಿದಾಗ ಮೂಲೆಗಳು ಸುಮಾರು ನಾಲ್ಕು ಬೆರಳಷ್ಟು ಮಾತ್ರ ಇಳಿಬಿದ್ದವು. ನಗುತ್ತಿದ್ದವರು ಹತ್ತಿರ ಸರಿದು ಬಗ್ಗಿ ನೋಡಿದರು. ಮತ್ತೆ ಹದಿನಾರು ಪಾಲು ಮಾಡಿದಳು. ಬುಡ ಒಂದೇ ಮೊಳ, ಎತ್ತರ ಮೂರೇ. ಈ ಸಲ ಮೂಲೆ ಇಳಿಬಿದ್ದದ್ದು ಒಂದು ಬೆರಳು. ಬಟ್ಟೆ ರಾಶಿಯ ಮೈಗೆ ಅಂಟಿಕೊಂಡು ಕೂತಿತು. ಮಧ್ಯಾಹ್ನದ ಬಿಸಿಲು ಏರಿತ್ತು, ಮನೆಗೆ ಹೋದವರು ಯಾರೂ ಇಲ್ಲ.

ಚೆನ್ನಾಜಮ್ಮ ಮರಳಿನ ಪಕ್ಕದಲ್ಲಿ ಕಾಲು ಚಾಚಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ತನ್ನಷ್ಟಕ್ಕೆ ತಾನು ಲೆಕ್ಕ ಹಾಕುತ್ತ ಒಂದು ಹೊತ್ತಿಗೆ ನಗತೊಡಗಿದಳು. ಆ ನಗು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ, ಹಲ್ಲಿಲ್ಲದ ಬಾಯಲ್ಲಿ ಒಂದು ಕಡೆಗೆ ವಾಲಿದ ನಗು.

"ದ್ಯಾವಣ್ಣ, ನಾಲ್ಕು ಮಾಡಿದಾಗ ಎಷ್ಟು ಬಟ್ಟೆ ಹಿಡೀತು?"

"ಒಂದೊಂದು ಆರು. ಒಟ್ಟು ಇಪ್ಪತ್ನಾಲ್ಕು."

"ಎಂಟು ಮಾಡಿದಾಗ?"

"ಒಂದೊಂದು ಮೂರು. ಇಪ್ಪತ್ನಾಲ್ಕೇ."

"ಹದಿನಾರಕ್ಕೆ?"

ಒಂದೂವರೆ, ಹದಿನಾರು ಸಲ. ನಾನು ಬಾಯಿ ಬಿಡುವ ಮೊದಲೇ ಹಿಂದೆ ನಿಂತಿದ್ದ ಜನ ಇಪ್ಪತ್ನಾಲ್ಕು ಎಂದರು.

"ನೂರು ಮಾಡಿದ್ರೂ ಅಷ್ಟೇ, ಸಾವಿರ ಮಾಡಿದ್ರೂ ಅಷ್ಟೇ" ಎಂದಳು ಚೆನ್ನಾಜಮ್ಮ. "ಮುಕ್ಕೋನ ಸಣ್ಣ ಆದಷ್ಟೂ ಮೂಲೆ ಇಳಿಬೀಳೋದು ಕಡಿಮೆ ಆಯ್ತದೆ. ಕೊನೆಗೆ ಮೂಲೆನೇ ಇರಲ್ಲ, ದುಂಡಗಾಯ್ತದೆ. ಬಟ್ಟೆ ಮಾತ್ರ ಕದಲಲ್ಲ. ಸುತ್ತಳತೆಲಿ ಅರ್ಧ ತಗೋ, ಇಳಿಜಾರಿಂದ ಗುಣಿಸು. ಚೌಕದ ಮನೆಗೆ ನಾನು ಇಷ್ಟು ವರ್ಷ ಮಾಡಿದ್ದೂ ಅದೇ ಕಣೋ. ದುಂಡಂದು ಬೇರೆ ಅಂದ್ಕೊಂಡು ರಾತ್ರಿಯೆಲ್ಲ ಹೆದರಿದ್ದೆ."

ನಮ್ಮ ಮನೆಯ ಸೂರಿನ ಸುತ್ತ ದಾರ ಹಿಡಿದು ಬಂದೆವು. ಮೂವತ್ತೇಳು ಮೊಳ, ಮೇಲೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಒಳಗೆ ಅವಳು ಎಂದಿನಂತೆ ಛಾವಣಿಯನ್ನು ನೆಲದ ಮೇಲೆ ಮಲಗಿಸಿದಳು. ನಡುವಿನಿಂದ ಗೋಡೆಗೆ ಆರು, ದಾರ ಎಂಟು, ಓರೆ ಗೆರೆ ಹತ್ತು. ಬಟ್ಟೆ ಹತ್ತಿರ ಹತ್ತಿರ ನೂರ ಎಂಬತ್ತೆಂಟೂವರೆ ಚದರ ಮೊಳ.

ನನಗೆ ತಟ್ಟನೆ ಹೊಳೆಯಿತು. "ಅಯ್ಯೋ ಅಕ್ಕ, ನನ್ನ ಹಳೇ ಬಟ್ಟೆ ನೂರ ತೊಂಬತ್ತೆರಡು ಇತ್ತಲ್ಲ. ಅದನ್ನೇ ಹೊದಿಸಬೋದಾಗಿತ್ತು."

"ಲೆಕ್ಕಕ್ಕೆ ಸಾಕು ಕಣಪ್ಪ, ಮನೆಗೆ ಸಾಲ್ದು" ಎಂದಳು. "ಮೊನೆಯಿಂದ ಎಲ್ಲಾ ಕಡೆಗೂ ಹತ್ತು ಮೊಳ ಇಳೀಬೇಕು. ನಿಂದು ನಡುವೆ ಎಂಟಕ್ಕೇ ನಿಂತುಬಿಡ್ತದೆ." ಪುಟ್ಟಗೌರಿ ಒಲೆಯ ಹತ್ತಿರದಿಂದಲೇ, ಉಪ್ಪು ಇನ್ನೂ ಇದೆ, ಅವಸರ ಬೇಡ ಎಂದಳು.

ಕತ್ತರಿಸಿದ ಬಗೆಯನ್ನು ನೋಡಬೇಕಿತ್ತು. ಈ ವರ್ಷದ ಬಟ್ಟೆಯನ್ನು ಕಣದಲ್ಲಿ ಹಾಸಿದೆವು. ಚೆನ್ನಾಜಮ್ಮ ನಡುವೆ ಗೂಟ ಹೊಡೆಸಿ, ಹತ್ತು ಮೊಳದ ದಾರ ಕಟ್ಟಿ, ಅದರ ತುದಿಯಲ್ಲಿ ಇದ್ದಿಲು ಹಿಡಿದು ಸುತ್ತತೊಡಗಿದಳು. ಬಗ್ಗಿ ನಡೆಯಲಾಗದೆ ಬಟ್ಟೆಯ ಮೇಲೆ ಕೂತುಕೊಂಡೇ ಜರುಗಿದಳು, ನಾವು ಕೈ ಕೊಡಲು ಹೋದರೆ ಬೇಡವೆಂದಳು. ಅವಳು ಎಳೆದ ಕಮಾನಿನ ಮೇಲೆ ನಾವು ಸೂರಿನ ಸುತ್ತ ಹಿಡಿದಿದ್ದ ದಾರವನ್ನು ಹಾಸುತ್ತ ಹೋದೆವು. ದಾರ ಮುಗಿದಲ್ಲಿ ಅವಳೂ ನಿಂತಳು. ಅಲ್ಲಿಂದ ಗೂಟಕ್ಕೆ ಒಂದು ಗೆರೆ, ಶುರುವಾದಲ್ಲಿಂದ ಗೂಟಕ್ಕೆ ಇನ್ನೊಂದು. ದೊಡ್ಡದೊಂದು ಬೀಸಣಿಗೆ, ಅರ್ಧ ಚಕ್ರಕ್ಕಿಂತ ಒಂದಿಷ್ಟು ಹೆಚ್ಚು. ಇದು ಹೇಗೆ ಮೊನೆಯಾಗಿ ಏಳುತ್ತದೆ ಎಂದು ನನಗೆ ನಂಬಿಕೆ ಬರಲಿಲ್ಲ. ಕತ್ತರಿಯನ್ನು ಅವಳು ನನ್ನ ಕೈಗೆ ಕೊಟ್ಟಳು.

"ನಾನಾ?" ಎಂದೆ.

"ನಿನ್ನ ಮನೆ ಅಲ್ವಾ. ಗೆರೆ ಮೇಲೆ ಹೋಗು."

ಗೆರೆ ಬಿಡದೆ ಕತ್ತರಿಸಿದೆ. ಮೇಣ ಕೂಡ ಆ ಸಲ ನಾನು ಮೂರು ಸಲ ಕುಡಿಸಿದೆ.

ಸಂಜೆ ಚಿಕ್ಕತಾಯಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಚೆನ್ನಾಜಮ್ಮ ಅವಳ ತಲೆ ಸವರಿ, "ಹೆತ್ತುಕೋ ಅಂತ ಹೇಳೋಳು ನಾನು. ಹೇಳಿದ ಮೇಲೆ ಜೊತೇಲಿ ಇರಬೇಕಾದೋಳೂ ನಾನೇ" ಎಂದಳು. ಗಾಳಿ ಏಳುವ ಹಿಂದಿನ ದಿನ, ಬಟ್ಟೆಯನ್ನು ಬಿದಿರ ಕೋಲುಗಳಿಂದ ಎತ್ತಿ ಮೊನೆಗೆ ತೊಡಿಸಿ, ಎರಡು ಅಂಚನ್ನೂ ಗಾಳಿಗೆ ಬೆನ್ನಾದ ಕಡೆ ಸೇರಿಸಿ ಗಂಟು ಹಾಕಿದೆವು. ಒಂದು ಸುಕ್ಕಿಲ್ಲ, ಸೂರಿನಲ್ಲಿ ಒಂದು ಬೆರಳು ಬರಿದಿಲ್ಲ. ಊರವರು ಮನೆಯ ಸುತ್ತ ಒಂದು ಸುತ್ತು ಬಂದು ನೋಡಿದರು. ಅಷ್ಟು ಹೊತ್ತಿಗೆ ಚೆನ್ನಾಜಮ್ಮ ತನ್ನ ಚಾಪೆ, ಕಂಬಳಿ, ಒಂದು ಚೊಂಬು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಿದ್ದಳು. ಅವಳ ಮನೆಯಲ್ಲಿ ಉಸಿರಾಡಿಕೊಂಡಿರಲು ತಂಗಿಯನ್ನು ಬಿಟ್ಟು ಬಂದಿದ್ದಳು. ಚಿಕ್ಕತಾಯಿಯ ಕೋಣೆಯ ಪಕ್ಕದಲ್ಲೇ ಚಾಪೆ ಹಾಸಿ, ಮುಖ ಮೇಲೆ ಮಾಡಿಕೊಂಡು ಮಲಗಿದಳು. "ನನ್ನ ಅಳತೆ ತಪ್ಪಿದ್ರೆ ಮೊದಲು ನನ್ನ ಕಣ್ಣಿಗೆ ಬೀಳಲಿ" ಎಂದಳು. ಪುಟ್ಟಗೌರಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಗಾಳಿ ಎದ್ದ ಒಂಬತ್ತನೆಯ ಬೆಳಿಗ್ಗೆ ಚಿಕ್ಕತಾಯಿ ಹೆಣ್ಣು ಹೆತ್ತಳು. ಹೊರಗೆ ಗಾಳಿ ಬಟ್ಟೆಗೆ ಅಪ್ಪಳಿಸುವ ಸದ್ದು, ಒಳಗೆ ಕೂಸಿನ ಅಳು. ಮೂಲೆಯಿದ್ದ ಮನೆಗಳಲ್ಲಿ ಗಾಳಿ ಮೂಲೆಗೆ ಸಿಕ್ಕಿ ಊಳಿಡುತ್ತದೆ, ನಮ್ಮ ದುಂಡು ಮನೆಯನ್ನು ಅದು ಬಳಸಿಕೊಂಡು ಹೋಗುತ್ತಿತ್ತು. ಚೆನ್ನಾಜಮ್ಮ ದಿನಕ್ಕೆ ನಾಲ್ಕು ಸಲ ಬರಿಗೈಯಲ್ಲಿ ನೆಲ ಸವರಿ ಬೆರಳನ್ನು ನಾಲಿಗೆಗೆ ಇಟ್ಟು ನೋಡುತ್ತಿದ್ದಳು. ಕೂಸು ಹನ್ನೆರಡನೆಯ ದಿನಕ್ಕೆ ದೀಪದ ಕಡೆ ಕಣ್ಣು ತಿರುಗಿಸಿದಾಗ, ಅವಳು ಗೋಡೆಯ ಕಡೆ ತಿರುಗಿಕೊಂಡಳು.

ನಲವತ್ತು ದಿನ ಮುಗಿಯಿತು. ಬಟ್ಟೆ ಇಳಿಸಿ, ಮನೆಯನ್ನು ಹೊಸಿಲಿನಿಂದ ಹಿತ್ತಲ ತನಕ ಗುಡಿಸಿದೆ. ಮೊರದಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಚೆನ್ನಾಜಮ್ಮ ಮಾತ್ರ ಬಿಡಲಿಲ್ಲ. ಗಂಟು ಹಾಕಿದ್ದ ಕಡೆಗೆ ಹೋಗಿ, ಗೋಡೆಯ ಬುಡದಲ್ಲಿ ಬಗ್ಗಿ, ಉಗುರಿನಿಂದ ಕೆರೆದು ಒಂದು ಚಿಟಿಕೆ ಬಿಳಿಯದನ್ನು ತೆಗೆದಳು.

"ಮೂರನೇ ಗಂಟು ಸಡಿಲ ಆಗ್ಯದೆ" ಎಂದಳು. "ಇದು ನಂದು."

"ಬಿಡಕ್ಕ, ಒಂದು ಚಿಟಿಕೆ."

"ಚಿಟಿಕೆನೂ ಉಪ್ಪೇ" ಎಂದು ಅದನ್ನು ವೀಳ್ಯದೆಲೆಯಲ್ಲಿ ಕಟ್ಟಿಕೊಂಡು, ಚಾಪೆ ಸುತ್ತಿ, ಕೋಲೂರಿಕೊಂಡು ಹೊರಟಳು. ಊರಿನ ಬೇರೆ ಮನೆಗಳಿಂದ ಆ ವರ್ಷ ಅವಳ ಜಗಲಿಗೆ ಬಂದದ್ದು ಎರಡು ಹಿಡಿಯೂ ಇರಲಿಲ್ಲ.

ಮಾರನೆಯ ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ. ಮಣೆ ಹಾಕಿದಳು, ಮಜ್ಜಿಗೆ ತರಲು ಎದ್ದಳು. ಮಜ್ಜಿಗೆ ಬೇಡ, ಊಟಕ್ಕೆ ಬಂದಿದ್ದೀನಿ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ತಮಾಷೆ ಮಾಡುತ್ತಿದ್ದೇನೋ ಎಂದು. "ನಮ್ಮನೆ ಊಟ ನಿನಗೆ ಸೇರಲ್ಲ ಕಣೋ. ಸಪ್ಪೆ."

"ಗೊತ್ತು. ಅದಕ್ಕೇ ಬಂದೆ. ಹದಿನೈದು ವರ್ಷ ಆಯ್ತು ನಿನ್ನ ಹತ್ರ ಒಂದು ಮಾತು ಹೇಳಬೇಕು ಅಂತ. ನಿನ್ನಂಥೋರು ಈ ಊರಲ್ಲಿ ಇನ್ನೊಬ್ಬರಿಲ್ಲ ಅಕ್ಕ."

ಅವಳು ಒಲೆಯ ಕಡೆ ತಿರುಗಿದಳು. ಎಲೆ ಹಾಕಿ, ಬಿಸಿ ಮುದ್ದೆ ಇಟ್ಟು, ಹುರುಳಿಕಾಳಿನ ಸಾರು ಬಿಟ್ಟಳು. ಹುರುಳಿಯ ರುಚಿ ಇತ್ತು, ಬೆಳ್ಳುಳ್ಳಿಯ ಘಮ ಇತ್ತು, ಉಪ್ಪು ಇದ್ದದ್ದೇ ಗೊತ್ತಾಗಲಿಲ್ಲ. ನಾನು ಅದನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡೆ.